ಕಾಲೇಜಿನಲ್ಲೇ ನಿಶ್ಶಬ್ದವಾದ ಕ್ಲಾಸು

ಎಂಬತ್ತೇಳನೆಯ ಹೆಸರಿನ ಎದುರು ಪೆನ್ನು ನಿಂತುಬಿಟ್ಟಿತು. ಅಲ್ಲಿಯವರೆಗೆ ಇಂಗ್ಲಿಷ್ ಮೇಷ್ಟ್ರು ಚೆಲುವರಾಜು, ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದ ಅಂಕಗಳ ಮೇಲೆ ನೀಲಿ ಶಾಯಿ ತಿದ್ದಿಕೊಂಡು ಸರಾಗವಾಗಿ ಇಳಿದು ಬಂದಿದ್ದ. ಏಳು, ಎಂಟು, ಎಂಟು, ಒಂಬತ್ತು, ಏಳು. ಪಿರಿಯಾಪಟ್ಟಣದ ಆ ಸರ್ಕಾರಿ ಕಾಲೇಜಿನಲ್ಲಿ ಕಲಾ ವಿಭಾಗವನ್ನೂ ವಾಣಿಜ್ಯ ವಿಭಾಗವನ್ನೂ ಒಟ್ಟಿಗೆ ತುಂಬಿ ಇಂಗ್ಲಿಷಿಗೆ ಒಂದೇ ಕ್ಲಾಸು ಮಾಡಿದ್ದರು, ನೂರಿಪ್ಪತ್ತಾರು ಮಂದಿ. ಇಂಗ್ಲಿಷನ್ನು ಕಿವಿಯಿಂದ ಕೇಳಿ ಎಷ್ಟು ಅರ್ಥಮಾಡಿಕೊಳ್ಳುತ್ತಾರೆ ಎಂಬುದಕ್ಕೆ ಹತ್ತು ಅಂಕ. ಅಂಕಪಟ್ಟಿ ಸಂಜೆ ನಾಲ್ಕರೊಳಗೆ ಪ್ರಿನ್ಸಿಪಾಲರ ಕೈ ಸೇರಬೇಕು. ಎಂಬತ್ತೇಳು, ಯಾಸ್ಮಿನ್, ನಾಲ್ಕು. ಇಡೀ ಪಟ್ಟಿಯಲ್ಲಿ ಇದ್ದದ್ದು ಅದೊಂದೇ ನಾಲ್ಕು. ಹೋದ ವಾರ ಅವಳು ಉತ್ತರ ಹೇಳಲು ಹಿಂದಿನಿಂದ ಎರಡನೇ ಬೆಂಚಿನಲ್ಲಿ ಎದ್ದು ನಿಂತಿದ್ದಳು, ತುಟಿ ಅಲುಗಿತ್ತು, ನಿಂತಿತ್ತು. ಇವನು ಇನ್ನೂ ಸ್ವಲ್ಪ ಹೊತ್ತು ಕಾದಂತೆ ಮಾಡಿ, ‘ಕೂತ್ಕೊಳಮ್ಮ’ ಎಂದು ನಾಲ್ಕು ಹಾಕಿದ್ದ. ಸೊನ್ನೆ ಹಾಕದೆ ನಾಲ್ಕು ಹಾಕಿದ್ದು ತನ್ನ ದೊಡ್ಡತನ ಎಂದು ಆವತ್ತು ಅನ್ನಿಸಿತ್ತು. ಇವತ್ತು ಆ ದೊಡ್ಡತನ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ನಿಜ ಹೇಳಬೇಕೆಂದರೆ, ಅವಳು ಏನು ಹೇಳಿದಳೆಂದು ಅವನಿಗೆ ಕೇಳಿಸಿರಲೇ ಇಲ್ಲ. ಈ ನಿಜವನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಬೃಂದಾಳಿಗೂ ಅರ್ಧವಷ್ಟೇ ಹೇಳಿದ್ದ. ಎಡಗಿವಿ ಹೋಗಿ ನಾಲ್ಕು ವರ್ಷವಾಗಿತ್ತು. ಬಲಗಿವಿ ಅರ್ಧ ಇತ್ತು, ಅದೂ ಎದುರಿಗಿರುವವರು ಮನಸ್ಸು ಮಾಡಿ ಮಾತಾಡಿದರೆ ಮಾತ್ರ. ಕೇಳಿಸದವನು ಹೇಗೆ ಬದುಕಬೇಕೆಂಬುದರಲ್ಲಿ ಅವನು ಈ ನಾಲ್ಕು ವರ್ಷದಲ್ಲಿ ಪಂಡಿತನಾಗಿದ್ದ. ಹುಣಸೂರಿನಲ್ಲಿ ಬಸ್ಸು ಹತ್ತಿದ ಕೂಡಲೇ, ಕಂಡಕ್ಟರ್ ಕೇಳುವ ಮುಂಚೆಯೇ ‘ಪಿರಿಯಾಪಟ್ಟಣ ಒಂದು’ ಎನ್ನುವುದು. ಸ್ಟಾಫ್ ರೂಮಿನಲ್ಲಿ ಎಡಗಡೆಗೆ ಗೋಡೆ ಬರುವಂತೆ ಕುರ್ಚಿ ಹಾಕಿಕೊಳ್ಳುವುದು. ಎಲ್ಲರೂ ನಕ್ಕಾಗ ನಗುವುದು, ಆದರೆ ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ. ಯಾರು ಏನೇ ಅಂದರೂ ‘ಆಗಲಿ’ ಎನ್ನುವುದು. ಹೋದ ತಿಂಗಳು ಹೀಗೆಯೇ ಪ್ರಿನ್ಸಿಪಾಲರಿಗೆ ‘ಆಗಲಿ ಸಾರ್’ ಎಂದು ತಲೆಯಾಡಿಸಿ, ಕ್ರೀಡಾಕೂಟದ ಉಸ್ತುವಾರಿಯನ್ನು ಕೊರಳಿಗೆ ಕಟ್ಟಿಕೊಂಡು, ಎರಡು ದಿನ ಬಿಸಿಲಲ್ಲಿ ಸೀಟಿ ಊದಿದ್ದ. ಕ್ಲಾಸಿನ ಪರೀಕ್ಷೆಯಲ್ಲಿ ಅವನು ನೋಡುತ್ತಿದ್ದುದು ಮುಖ. ಎದೆ ಸೆಟೆಸಿ ನಿಂತು, ಬಾಯಿ ಅಗಲ ಮಾಡಿ, ತಡವರಿಸದೆ ಹೇಳಿದವರಿಗೆ ಒಂಬತ್ತು. ಸ್ವಲ್ಪ ತಡೆದವರಿಗೆ ಏಳು. ಕೊನೇ ಬೆಂಚಿನ ತೇಜಸ್ ಆವತ್ತು ಎಷ್ಟು ಗಟ್ಟಿಯಾಗಿ, ಎಷ್ಟು ಉದ್ದಕ್ಕೆ ಉತ್ತರ ಹೇಳಿದ್ದನೆಂದರೆ ಇಡೀ ಕ್ಲಾಸು ಖುಷಿಯಿಂದ ನಕ್ಕಿತ್ತು. ಚೆಲುವರಾಜು ಕೂಡ ನಕ್ಕು ಒಂಬತ್ತು ಕೊಟ್ಟಿದ್ದ.

ಬೇರೆ ಯಾರಿಗಾದರೂ ಆಗಿದ್ದರೆ ಇದು ಬರೀ ಕಿವಿಯ ಕಾಯಿಲೆ. ಚೆಲುವರಾಜುವಿಗೆ ಕಿವಿಯೆಂದರೆ ಅವನ ಆಸ್ತಿ. ಕೆ.ಆರ್. ನಗರದ ಕಡೆಯ ಅವನ ಊರಿನಲ್ಲಿ, ಗದ್ದೆ ಬದುವಿನ ಮೇಲೆ ಕೂತು, ಪಕ್ಕದ ಮನೆಯವರ ಟ್ರಾನ್ಸಿಸ್ಟರಿನಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳಿ ಕೇಳಿ ಅವನು ಇಂಗ್ಲಿಷ್ ಕಲಿತವನು. ಪುಸ್ತಕ ಆಮೇಲೆ ಬಂತು. ಒಂದು ಪದವೂ ಅರ್ಥವಾಗದಿದ್ದ ಕಾಲದಲ್ಲೇ, ದನಿ ಯಾವಾಗ ಏರಿತು, ಯಾವಾಗ ಇಳಿಯಿತು ಎಂಬುದರ ಮೇಲೆ ಔಟೋ ಫೋರೋ ಹೇಳುತ್ತಿದ್ದ. ಅವ್ವ ಮಾಯಮ್ಮ ನೀರಿಗೆ ಬಂದ ಹೆಂಗಸರ ಮುಂದೆ ಎದೆಯುಬ್ಬಿಸಿ, ‘ಕಿವಿ ಅಂದ್ರೆ ನಮ್ ಚೆಲುವುಂದು ಕಣವ್ವ, ನಾಲೇಗೆ ನೀರು ಬುಟ್ರೆ ಮನೇಲಿ ಕೂತ್ಕಂಡೇ ಯೋಳ್ಬುಡ್ತಾನೆ’ ಎನ್ನುತ್ತಿದ್ದಳು. ನಿಜವಾಗಿಯೂ ಹೇಳುತ್ತಿದ್ದ. ಒಣಗಿದ ನಾಲೆಯ ತಳದಲ್ಲಿ ಮೊದಲ ನೀರು ತರಗೆಲೆಗಳನ್ನು ತಳ್ಳಿಕೊಂಡು ಬರುವ ಸದ್ದು ಅವನಿಗೆ ಊರಲ್ಲಿ ಎಲ್ಲರಿಗಿಂತ ಮೊದಲು ಕೇಳಿಸುತ್ತಿತ್ತು, ಅವನು ಓಡಿಹೋಗಿ ಅಪ್ಪನನ್ನು ಎಬ್ಬಿಸುತ್ತಿದ್ದ. ಅದೇ ಕಿವಿಯನ್ನು ಪರೀಕ್ಷೆಗೆ ಕೂರಿಸಿ, ‘ಕೇಳಿಸಿದಾಗ ಗುಂಡಿ ಒತ್ತಿ ಸಾರ್, ಕೇಳಿಸದಿದ್ರೆ ಸುಮ್ಮನಿರಿ ಅಷ್ಟೇ’ ಎಂದಳು ಒಬ್ಬ ಹುಡುಗಿ. ಅದು ಮೈಸೂರಿನ ಕಿವಿ ಡಾಕ್ಟರ ಬಳಿ, ಗಾಜಿನ ಗೂಡಿನೊಳಗೆ. ಹೋದ ವರ್ಷದ ಮಾತು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಕೈಗೊಂದು ಗುಂಡಿ ಕೊಟ್ಟು, ಅವಳು ಗಾಜಿನಾಚೆ ಕೂತಳು. ಚೆಲುವರಾಜು ಕಾದ. ಏನೂ ಇಲ್ಲ. ಆದರೆ ಗಾಜಿನಾಚೆ ಅವಳ ಭುಜ ಸ್ವಲ್ಪ ಅಲುಗಿತು. ಅವಳು ಸದ್ದು ಬಿಟ್ಟಿರಬೇಕು ಎಂದುಕೊಂಡು ಗುಂಡಿ ಒತ್ತಿದ. ಮತ್ತೆ ಭುಜ, ಮತ್ತೆ ಗುಂಡಿ. ಇಪ್ಪತ್ತೆಂಟು ವರ್ಷ ಪರೀಕ್ಷಾ ಕೊಠಡಿಯಲ್ಲಿ ಹುಡುಗರ ಬೆನ್ನ ಹಿಂದೆ ಓಡಾಡಿ ನಕಲು ಹಿಡಿದವನು, ತಾನೇ ಪರೀಕ್ಷೆಗೆ ಕೂತಾಗ ನಕಲು ಹೊಡೆಯುತ್ತಿದ್ದ. ಐದಾರು ಸಲ ಆದ ಮೇಲೆ ಅವಳು ಕುರ್ಚಿಯನ್ನು ಅತ್ತ ತಿರುಗಿಸಿಕೊಂಡು, ಮೆಲ್ಲಗೆ ಬಾಗಿಲು ತೆರೆದು, ‘ನನ್ನನ್ನ ನೋಡ್ಬೇಡಿ ಸಾರ್, ಕೇಳಿಸ್ಕೊಳ್ಳಿ’ ಎಂದಳು. ಅವನ ಮಗಳ ವಯಸ್ಸಿನವಳು. ಕೊಟ್ಟ ಯಂತ್ರವನ್ನು ಅವನು ತಂದ, ಬ್ಯಾಗಿನಲ್ಲಿ ಇಟ್ಟುಕೊಂಡ, ಹದಿನಾಲ್ಕು ತಿಂಗಳಿಂದ ದಿನಾ ಹುಣಸೂರಿನಿಂದ ಪಿರಿಯಾಪಟ್ಟಣಕ್ಕೂ ಪಿರಿಯಾಪಟ್ಟಣದಿಂದ ಹುಣಸೂರಿಗೂ ಹೊತ್ತು ತಿರುಗುತ್ತಿದ್ದ. ಹಾಕಿಕೊಂಡಿರಲಿಲ್ಲ. ಕಿವಿಯಲ್ಲಿ ಇಂಗ್ಲಿಷ್ ಕಲಿತ ಚೆಲುವರಾಜು ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ಎಂದು ನಾಲ್ಕು ಜನ ಆಡಿಕೊಳ್ಳುವುದನ್ನು ನೆನೆದರೇ ಮೈ ಉರಿಯುತ್ತಿತ್ತು.

ಅಂಕಪಟ್ಟಿಯ ಮೇಲೆ ನೆರಳು ಬಿತ್ತು. ತಲೆಯೆತ್ತಿದರೆ ಯಾಸ್ಮಿನ್. ಸ್ಟಾಫ್ ರೂಮಿನ ಬಾಗಿಲಿನಿಂದ ಬಂದವರೆಲ್ಲ ಮೇಜಿನ ಎದುರು ನಿಲ್ಲುತ್ತಾರೆ. ಇವಳು ಮೇಜನ್ನು ಸುತ್ತಿಕೊಂಡು ಬಂದು ಅವನ ಬಲಗಡೆ ನಿಂತಿದ್ದಳು.

‘ಸಾರ್, ಒಂದ್ ಮಾತು.’

‘ಹೇಳಮ್ಮ.’

‘ಪೆನ್ಸಿಲ್ ಮಾರ್ಕ್ಸು ನಿನ್ನೆ ತೋರ್ಸಿದ್ರಲ್ಲ ಸಾರ್. ನಂಗೆ ನಾಲ್ಕು ಬಂದೈತೆ.’

ತಪ್ಪು ಮಾಡಿದವನು ಮೊದಲು ಸಿಟ್ಟಾಗುತ್ತಾನೆ. ಚೆಲುವರಾಜುವೂ ಅದಕ್ಕೆ ಹೊರತಲ್ಲ. ‘ಒಬ್ಬೊಬ್ಬರೂ ಹಿಂಗೆ ಬಂದು ನಿಂತ್ಕೊಂಡ್ರೆ ನೂರಿಪ್ಪತ್ತಾರು ಜನಕ್ಕೆ ನಾನೆಲ್ಲಿಗೆ ಹೋಗ್ಲಿ? ಗಟ್ಟಿಯಾಗಿ ಹೇಳಬೇಕಾಗಿತ್ತು ನೀನು,’ ಎಂದ. ಅಂದ ಮೇಲೆ, ಇದು ಮಾತಾಡುವ ಪರೀಕ್ಷೆಯಲ್ಲ, ಕೇಳಿಸಿಕೊಳ್ಳುವ ಪರೀಕ್ಷೆ ಎಂದು ಅವನಿಗೇ ಹೊಳೆಯಿತು. ಅವಳಿಗೂ ಹೊಳೆದಿತ್ತೆಂಬುದು ಅವಳ ಕಣ್ಣಿನಲ್ಲೇ ಕಾಣುತ್ತಿತ್ತು.

‘ಆಯ್ತು ಬುಡಮ್ಮ, ಎಂಟು ಮಾಡ್ತೀನಿ. ಹೋಗು.’ ಅವನು ರಬ್ಬರು ಹುಡುಕಿದ. ಎಷ್ಟು ಸುಲಭ! ನಾಲ್ಕು ಅಳಿಸಿ ಎಂಟು ಬರೆದರೆ ಮುಗಿಯಿತು, ಯಾರಿಗೂ ಏನೂ ಗೊತ್ತಾಗುವುದಿಲ್ಲ.

‘ಬ್ಯಾಡ ಸಾರ್.’

‘ಮತ್ತೇನು, ಒಂಬತ್ತು ಬೇಕಾ?’

‘ಹಂಗಲ್ಲ ಸಾರ್. ನೀವು ಕೇಳ್ದೆ ಕೊಟ್ರೆ ಅದು ನಂದಲ್ಲ. ಇನ್ನೊಂದ್ಸಲ ಟೆಸ್ಟ್ ಮಾಡಿ. ನಾಲ್ಕೇ ಬಂದ್ರೆ ನಾಲ್ಕೇ ಹಾಕಿ.’

ದನಿ ಎಲ್ಲೋ ಆಳದಿಂದ ಬರುತ್ತಿತ್ತು, ತೆಳ್ಳಗೆ. ಆದರೆ ಕುತ್ತಿಗೆ ನೆಟ್ಟಗಿತ್ತು. ಅವಳು ಬೇಡುವುದಕ್ಕೆ ಬಂದಿರಲಿಲ್ಲ. ತನಗೆ ಬರಬೇಕಾದದ್ದನ್ನು ತೂಗಿ ಕೊಡಿ ಎಂದು ಕೇಳುವುದಕ್ಕೆ ಬಂದಿದ್ದಳು. ಚೆಲುವರಾಜುವಿಗೆ ರೇಗಿತು, ನಾಚಿಕೆಯಾಯಿತು, ಅದರ ಜೊತೆಗೇ ಯಾಕೋ ಅವಳನ್ನು ಕಂಡು ಅಭಿಮಾನವೂ ಆಯಿತು. ಇದೇ ವಯಸ್ಸಿನಲ್ಲಿ ತಾನೂ ಹೀಗೆಯೇ ನಿಲ್ಲುತ್ತಿದ್ದೆನಲ್ಲ ಎನ್ನಿಸಿತು. ಆಮೇಲೆ, ಕೇಳಬಾರದೆಂದುಕೊಂಡಿದ್ದನ್ನು ಕೇಳಿಬಿಟ್ಟ.

‘ಎಲ್ಲರೂ ಎದುರುಗಡೆ ನಿಲ್ತಾರೆ. ನೀನ್ಯಾಕಮ್ಮ ಈ ಕಡೆ ಬಂದು ನಿಂತೆ?’

ಯಾಸ್ಮಿನ್ ನೆಲ ನೋಡಿದಳು. ‘ಅಬ್ಬಾಂಗೂ ಈ ಕಡೆ ಕಿವೀನೇ ಸಾರ್ ಕೇಳೋದು.’

ಫ್ಯಾನು ತಿರುಗುತ್ತಿತ್ತು. ಅದರ ಸದ್ದು ಅವನಿಗೆ ಕೇಳುತ್ತಿರಲಿಲ್ಲ, ಕಾಗದಗಳ ಅಂಚು ಏಳುವುದು ಮಾತ್ರ ಕಾಣುತ್ತಿತ್ತು. ಅವಳು ಹೇಳುತ್ತಾ ಹೋದಳು, ತುಟಿಯನ್ನು ಬಿಡಿಬಿಡಿಯಾಗಿ ಆಡಿಸುತ್ತಾ. ಅಪ್ಪ ಸರ್ದಾರ್ ಪಾಷಾ ಹೊಗೆಸೊಪ್ಪು ಹದಮಾಡುವ ಬ್ಯಾರನ್ ಮನೆಗಳಿಗೆ ತಗಡಿನ ಕೊಳವೆ ಮಾಡುವವರು. ಸೊಪ್ಪು ಬೇಯಿಸುವ ಬಿಸಿಗಾಳಿ ಆ ಕೊಳವೆಯಲ್ಲೇ ಹರಿಯಬೇಕು, ಆದ್ದರಿಂದ ಬೆಸುಗೆಯಲ್ಲಿ ಕೂದಲೆಳೆಯಷ್ಟೂ ಸಂದು ಉಳಿಯಬಾರದು. ಮೂವತ್ತು ವರ್ಷ ತಗಡು ಬಡಿದು ಬಡಿದು ಕಿವಿ ಹೋಯಿತು. ‘ನಮ್ಮನೇಲಿ ಜೋರಾಗಿ ಮಾತಾಡೋ ಅಭ್ಯಾಸಾನೇ ಇಲ್ಲ ಸಾರ್. ಅಬ್ಬಾಂಗೆ ಕಿರ್ಚಿದ್ರೂ ಒಂದೇ, ಬಾಯಿ ಆಡ್ಸಿದ್ರೂ ಒಂದೇ. ಅವ್ರೂ ನಿಮ್ ಥರಾನೇ ಎಲ್ಲಾರೂ ನಕ್ಕ ಮ್ಯಾಲೆ ನಗ್ತಾರೆ.’ ಅಷ್ಟು ಹೇಳಿ, ಹೇಳಬಾರದ್ದು ಬಾಯಿ ಜಾರಿತೆಂದು ಗಾಬರಿಯಾಗಿ, ‘ನಾನ್ ಯಾರ್ಗೂ ಯೋಳಿಲ್ಲ ಸಾರ್’ ಎಂದಳು.

ಅವಳು ಹೋದ ಮೇಲೆ ಚೆಲುವರಾಜು ಪೆನ್ನಿಗೆ ಮುಚ್ಚಳ ಹಾಕಿದ. ಜೂನ್ ತಿಂಗಳಿಂದ ಈ ಹುಡುಗಿ ಹಿಂದಿನಿಂದ ಎರಡನೇ ಬೆಂಚಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವನು ಹೇಳಿದ್ದನ್ನೂ, ಅವನು ಹೇಳದೆ ಬಚ್ಚಿಟ್ಟಿದ್ದನ್ನೂ. ನೂರಿಪ್ಪತ್ತಾರು ಜನರಲ್ಲಿ ಆಲಿಸುವುದೆಂದರೇನೆಂದು ಗೊತ್ತಿದ್ದವಳಿಗೆ ಅವನು ನಾಲ್ಕು ಕೊಟ್ಟಿದ್ದ. ಅವಳೊಬ್ಬಳಿಗೆ ಮಾತ್ರ ಅಂತಲ್ಲ. ಹೋದ ವರ್ಷ, ಅದರ ಹಿಂದಿನ ವರ್ಷ, ಮೆಲುದನಿಯ ಎಷ್ಟು ಮಕ್ಕಳು ಎದ್ದು ನಿಂತು ಸರಿಯಾದ ಉತ್ತರ ಹೇಳಿ, ಸಾರ್ ತಮ್ಮನ್ನು ಒಪ್ಪಲಿಲ್ಲ ಎಂದುಕೊಂಡು ಕೂತರೋ. ಯಾರೂ ಬಂದು ಕೇಳಿರಲಿಲ್ಲ. ಮುಖಗಳೂ ನೆನಪಿಗೆ ಬರಲಿಲ್ಲ.

ಪ್ರಿನ್ಸಿಪಾಲ್ ವೀರಭದ್ರಸ್ವಾಮಿ ಕಾರಿಡಾರಿನಲ್ಲಿ ಎದುರಾದರು. ‘ಲಿಸ್ಟ್ ರೆಡಿನಾ ಚೆಲುವರಾಜು?’

‘ಇಲ್ಲ ಸಾರ್. ಮಧ್ಯಾಹ್ನದ ಪೀರಿಯಡ್‌ನಲ್ಲಿ ಇನ್ನೊಂದ್ಸಲ ಟೆಸ್ಟ್ ತಗೋತೀನಿ. ಎಲ್ಲರಿಗೂ.’

‘ಯಾಕ್ರೀ, ತಲೆಗಿಲೆ ಕೆಟ್ಟೈತಾ? ನೂರು ಚಿಲ್ಲರೆ ಮಕ್ಕಳು. ಬೇರೆ ಕಡೆ ಎಲ್ಲಾ ಕೂತ್ ಜಾಗದಲ್ಲೇ ಎಂಟು ಒಂಬತ್ತು ಹಾಕಿ ಕಳಿಸ್ತಾರೆ ಕಣ್ರೀ. ನೀವು ಅಷ್ಟಾದ್ರೂ ಟೆಸ್ಟ್ ಮಾಡಿದ್ದೀರಲ್ಲ, ಸಾಕು ಬುಡಿ.’

‘ಮಾಡಿದ್ದು ಸರಿಯಾಗಿಲ್ಲ ಸಾರ್.’

‘ಏನ್ ಸರಿಯಾಗಿಲ್ಲ?’

ಚೆಲುವರಾಜು ಬಾಯಿ ತೆರೆದ. ಆಮೇಲೆ ‘ಪ್ರಶ್ನೆ ಸರಿ ಇರಲಿಲ್ಲ ಸಾರ್’ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡ. ತಪ್ಪಿಸಿಕೊಂಡದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಪ್ರಿನ್ಸಿಪಾಲರು ಗಡಿಯಾರ ತೋರಿಸಿ, ಐದರವರೆಗೆ ಕಾಯುತ್ತೇನೆ, ಅದಕ್ಕಿಂತ ಒಂದು ನಿಮಿಷ ಆಚೆಗಿಲ್ಲ ಎಂದು ಬೆರಳಲ್ಲಿ ಹೇಳಿ ಹೋದರು.

ಎರಡು ಗಂಟೆಗೆ ಅವನು ಕ್ಲಾಸಿಗೆ ಹೋದ. ಒಂದೊಂದು ಬೆಂಚಿಗೆ ಐದೈದು ಮಂದಿ, ಕಿಟಕಿಯ ಕಟ್ಟೆಯ ಮೇಲೂ ಇಬ್ಬರು. ಎಲ್ಲರೂ ಎದ್ದು ನಿಂತರು, ಕೂತರು. ಎಂದಿನಂತೆ ನಿಶ್ಶಬ್ದ. ಈ ನಿಶ್ಶಬ್ದದ ಬಗ್ಗೆ ಅವನಿಗೆ ಇದ್ದ ಹೆಮ್ಮೆ ಅಷ್ಟಿಷ್ಟಲ್ಲ. ಬೇರೆ ಮೇಷ್ಟ್ರುಗಳು ಬೆತ್ತ ಕುಟ್ಟಿ ಗಂಟಲು ಹರಿದುಕೊಂಡರೆ, ಇವನು ಅವರ ಮುಂದೆ ಕಾಲ ಮೇಲೆ ಕಾಲು ಹಾಕಿಕೊಂಡು, ‘ನನ್ ಕ್ಲಾಸು ಇಡೀ ಕಾಲೇಜಿಗೇ ನಿಶ್ಶಬ್ದವಾದ ಕ್ಲಾಸು. ಅದು ಹೆದರಿಸೋದ್ರಿಂದ ಬರಲ್ಲ ಕಣ್ರಯ್ಯ, ಗೌರವದಿಂದ ಬರಬೇಕು’ ಎನ್ನುತ್ತಿದ್ದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಅಸೂಯೆ ಎಂದು ಇವನು ತಿಳಿದಿದ್ದ.

ಮೇಜಿನ ಮೇಲೆ ಬ್ಯಾಗು ಇಟ್ಟ. ‘ನೋಡ್ರಪ್ಪ,’ ಎಂದ, ಇಂಗ್ಲಿಷಿನಲ್ಲಲ್ಲ, ಅವ್ವನ ಭಾಷೆಯಲ್ಲಿ. ‘ಹೋದ ವಾರ ನಿಮಗೆ ಹಾಕಿದ ಮಾರ್ಕ್ಸು ಎಲ್ಲಾ ಸುಳ್ಳು. ನಂಗೆ ಎಡಗಿವಿ ಕೇಳಲ್ಲ. ಬಲಗಿವಿ ಅರ್ಧ. ನೀವು ಹೇಳಿದ್ದು ಹಿಂದಿನ ಬೆಂಚಿಂದ ನಂಗೆ ಕೇಳಿಸ್ಲಿಲ್ಲ. ಮುಖ ನೋಡಿ ಮಾರ್ಕ್ಸ್ ಹಾಕ್ದೆ. ನೀವು ನಕಲು ಮಾಡಿದ್ರೆ ನಾನು ಬೈತೀನಲ್ಲ, ಇದು ಅದಕ್ಕಿಂತ ದೊಡ್ಡ ತಪ್ಪು.’ ಬ್ಯಾಗಿನಿಂದ ಯಂತ್ರದ ಡಬ್ಬಿ ತೆಗೆದು ಬಿಚ್ಚಿದ. ಬ್ಯಾಟರಿಯ ಮೇಲಿನ ಸ್ಟಿಕ್ಕರನ್ನು ಕೂಡ ಹದಿನಾಲ್ಕು ತಿಂಗಳಿಂದ ಕಿತ್ತಿರಲಿಲ್ಲ. ಉಗುರಿನಲ್ಲಿ ಕಿತ್ತು, ಒಳಗೆ ಹಾಕಿ, ನೂರಿಪ್ಪತ್ತಾರು ಜೋಡಿ ಕಣ್ಣುಗಳ ಎದುರು ಯಂತ್ರವನ್ನು ಬಲಗಿವಿಗೆ ಸಿಕ್ಕಿಸಿಕೊಂಡ. ಅದು ಕುಯ್ಯೆಂದು ಕೂಗಿತು, ಸರಿಮಾಡಿಕೊಂಡ, ಸುಮ್ಮನಾಯಿತು.

ಆಮೇಲೆ ಕ್ಲಾಸು ಅವನ ಕಿವಿಯೊಳಕ್ಕೆ ನುಗ್ಗಿತು. ಮೂರು ಫ್ಯಾನುಗಳು ಕಟಕಟ ಎನ್ನುತ್ತಿದ್ದವು. ಬೆಂಚುಗಳು ಕಿರುಗುಟ್ಟುತ್ತಿದ್ದವು. ಬಲಮೂಲೆಯಲ್ಲಿ ಯಾರೋ ಯಾರಿಗೋ ಬೆಳಗಿನ ಬಸ್ಸಿನ ಜಗಳವನ್ನು ಹೇಳುತ್ತಿದ್ದರು, ಪಿಸುಗುಟ್ಟಿಯಲ್ಲ, ರಾಜಾರೋಷವಾಗಿ. ಪೆನ್ನು ಕುಟ್ಟುವವರು, ಕೆಮ್ಮುವವರು, ಮೆಲ್ಲಗೆ ಹಾಡು ಗುನುಗುವವನೊಬ್ಬ. ಚೆಲುವರಾಜು ಬೆಪ್ಪಾಗಿ ನಿಂತ. ಇಷ್ಟು ವರ್ಷ ಕಾಲ ಮೇಲೆ ಕಾಲು ಹಾಕಿ ಹೊಗಳಿಕೊಂಡ ಕ್ಲಾಸು ಇದೇ ಏನು! ಅವನಿಗೆ ಅಳು ಬರಬೇಕಿತ್ತು, ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕ. ಈ ಸಲ ಎಲ್ಲರಿಗಿಂತ ಮೊದಲು ಅವನೇ ನಕ್ಕಿದ್ದ. ‘ಅಯ್ಯೋ ನಿಮ್ಮ, ದಿನಾ ಹಿಂಗೇನಾ?’

‘ಊ ಸಾ,’ ಎಂದು ಕ್ಲಾಸು ಒಪ್ಪಿಕೊಂಡಿತು.

ಕೊನೇ ಬೆಂಚಿನಲ್ಲಿ ತೇಜಸ್ ಎದ್ದು ನಿಂತಿದ್ದ, ಕಿವಿಯವರೆಗೂ ಕೆಂಪಾಗಿ. ‘ಸಾ, ಅವತ್ತು ನಾನು ಯೋಳಿದ್ದು ಉತ್ರ ಅಲ್ಲ ಸಾ. ಲೀವ್ ಲೆಟರ್. ಜ್ವರ ಬಂದೈತೆ, ಎರಡು ದಿನ ರಜ ಕೊಡಿ ಅಂತ, ಐಸ್ಕೂಲಲ್ಲಿ ಬಾಯ್‌ಪಾಠ ಮಾಡ್ಸಿದ್ರಲ್ಲ, ಅದು. ಒಂಬತ್ತು ಕೊಟ್ಬುಟ್ರಿ ಸಾ.’

ಚೆಲುವರಾಜುವಿಗೆ ಮುಖಕ್ಕೆ ಹೊಡೆದಂತಾಯಿತು. ಆವತ್ತು ಎಲ್ಲರೂ ನಕ್ಕದ್ದು, ತಾನೂ ನಕ್ಕದ್ದು ನೆನಪಾಯಿತು. ಆದರೂ ಹುಡುಗ ಎದ್ದು ನಿಂತು ಹೇಳಿದನಲ್ಲ. ‘ರಜ ಮಂಜೂರಾಗಿಲ್ಲ ಕಣಪ್ಪ,’ ಎಂದ. ‘ಕೂತ್ಕೊ. ಪೇಪರ್ ತಗಿ.’

ಕಿಟಕಿಯಾಚೆಯಿಂದ ಟಕ್ ಟಕ್ ಟಕ್ ಎಂದು ಒಂದು ಸದ್ದು ಬರುತ್ತಲೇ ಇತ್ತು, ತಾಳ ತಪ್ಪದೆ. ‘ಅದೇನು ಸದ್ದು?’ ಎಂದು ಕೇಳಿದ. ‘ಯಾಸ್ಮಿನ್ ಅವ್ರಪ್ಪ ಸಾ, ಹಿಂದ್ಗಡೆ ಬೀದೀಲಿ ತಗಡು ಬಡೀತಾರೆ’ ಎಂದು ಮುಂದಿನ ಬೆಂಚಿನ ಐಶ್ವರ್ಯ ಹೇಳಿದಳು. ಯಾಸ್ಮಿನ್ ತಲೆ ತಗ್ಗಿಸಲಿಲ್ಲ. ಅದು ನಮ್ಮಪ್ಪನ ಸುತ್ತಿಗೆ ಎಂಬಂತೆ ನೆಟ್ಟಗೆ ನೋಡುತ್ತಿದ್ದಳು.

ಪರೀಕ್ಷೆಯನ್ನು ಈ ಸಲ ಬೇರೆ ಥರ ಮಾಡಿದ. ಬಾಯಿಯಲ್ಲಿ ಉತ್ತರ ಬೇಡ. ತಾನು ಓದುವುದು, ಅವರು ಕೇಳಿ ಬರೆಯುವುದು, ಹತ್ತು ಪ್ರಶ್ನೆ, ಕನ್ನಡದಲ್ಲಿ ಬರೆದರೂ ಸರಿ, ಅರ್ಥವಾಗಿದ್ದರೆ ಸಾಕು. ತಾನೇ ಊಟದ ಹೊತ್ತಿನಲ್ಲಿ ಬರೆದಿದ್ದ ಇಂಗ್ಲಿಷ್ ಕತೆಯನ್ನು ಎರಡು ಸಲ ಓದಿದ. ಗುರುಪುರದ ಒಬ್ಬ ಅಜ್ಜಿ ಸಂತೆಗೆ ಹೋಗಲು ಕೊಡೆ ಹಿಡಿದು ರಸ್ತೆ ಬದಿ ನಿಂತಿದ್ದಾಳೆ. ಪ್ರತಿ ವಾರ ಅವಳ ಜೊತೆ ಟಿಬೆಟಿನವರ ಕ್ಯಾಂಪಿನ ಒಬ್ಬ ಮುದುಕಿ ಬರುತ್ತಾಳೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆವತ್ತು ಬಸ್ಸು ಬರುತ್ತದೆ, ನಿಲ್ಲುತ್ತದೆ, ಅಜ್ಜಿ ಕ್ಯಾಂಪಿನ ದಾರಿಯನ್ನೇ ನೋಡುತ್ತಾಳೆ, ಬಸ್ಸು ಹೋಗುತ್ತದೆ. ಕೊನೆಯ ಪ್ರಶ್ನೆ: ಅಜ್ಜಿ ಬಸ್ಸು ಹತ್ತಲಿಲ್ಲ ಯಾಕೆ? ಕತೆಯಲ್ಲಿ ಅದನ್ನು ಬಿಡಿಸಿ ಹೇಳಿರಲಿಲ್ಲ. ಓದುವಾಗ ಅವನ ದನಿ ಏರಿತು, ಇಳಿಯಿತು. ತನ್ನ ದನಿ ತನ್ನ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತು. ಇನ್ನೂ ಚೆನ್ನಾಗಿಯೇ ಇದೆ ಎಂದು ಒಳಗೊಳಗೇ ಬೀಗಿದ.

ಕಾಗದಗಳನ್ನು ಬೆಂಚಿನಿಂದ ಬೆಂಚಿಗೆ ಅದಲುಬದಲು ಮಾಡಿಸಿ, ಒಂದೊಂದೇ ಉತ್ತರ ಹೇಳಿ, ಅವರಿಂದಲೇ ತಿದ್ದಿಸಿದ. ಹತ್ತನೆಯ ಪ್ರಶ್ನೆಗೆ ಬಂದಾಗ ಬಸ್ಸು ತುಂಬಿತ್ತು ಎಂದರು ಕೆಲವರು, ಟಿಕೆಟ್ಟಿಗೆ ಚಿಲ್ಲರೆ ಇರಲಿಲ್ಲ ಎಂದರು ಕೆಲವರು. ‘ಎಂಬತ್ತೇಳು,’ ಎಂದು ಕರೆದ. ಯಾಸ್ಮಿನ್ ಅದೇ ಹಿಂದಿನಿಂದ ಎರಡನೇ ಬೆಂಚಿನಲ್ಲಿ ಎದ್ದು ನಿಂತಳು. ತುಟಿ ಅಲುಗಿತು. ಯಂತ್ರ ಹಾಕಿಕೊಂಡಿದ್ದರೂ ಫ್ಯಾನಿನ ಕಟಕಟದಲ್ಲಿ ಅವನಿಗೆ ಏನೂ ಸಿಗಲಿಲ್ಲ. ಹಳೆಯ ಅಭ್ಯಾಸ ತಲೆಯಾಡಿಸು ಎಂದಿತು. ಚೆಲುವರಾಜು ತಲೆಯಾಡಿಸಲಿಲ್ಲ.

‘ಕೇಳಿಸ್ಲಿಲ್ಲ,’ ಎಂದ. ‘ಫ್ಯಾನ್ ಆರಿಸ್ರಪ್ಪ.’

ಫ್ಯಾನುಗಳು ನಿಧಾನವಾಗಿ ನಿಂತವು. ಗುನುಗುತ್ತಿದ್ದವನು ನಿಲ್ಲಿಸಿದ. ಪೆನ್ನುಗಳು ನಿಂತವು. ನೂರಿಪ್ಪತ್ತಾರು ಮಂದಿ, ಒಬ್ಬ ಮೇಷ್ಟ್ರಿಗೆ ಒಬ್ಬಳ ಮಾತು ಕೇಳಿಸಲಿ ಎಂದು, ಉಸಿರನ್ನೂ ಮೆಲ್ಲಗೆ ಬಿಡುತ್ತಾ ಕೂತರು. ಯಾಸ್ಮಿನ್ ಇಂಗ್ಲಿಷಿನಲ್ಲೇ ಹೇಳಿದಳು, ತೆಳ್ಳಗೆ, ಬಿಡಿಬಿಡಿಯಾಗಿ: ಜೊತೆಗಾತಿ ಇನ್ನೂ ಬಂದಿರಲಿಲ್ಲ, ಅವಳನ್ನು ಬಿಟ್ಟು ಹೋಗಲು ಅಜ್ಜಿಗೆ ಮನಸ್ಸಾಗಲಿಲ್ಲ. ಪ್ರತಿಯೊಂದು ಪದವೂ ಬಂದು ಅವನನ್ನು ಮುಟ್ಟಿತು. ಒಣಗಿದ ನಾಲೆಯಲ್ಲಿ ಮೊದಲ ನೀರು ಬಂದಿದ್ದು ಕೇಳಿಸಿದ ಹಾಗಾಯಿತು. ಇದು ನನ್ನ ಕ್ಲಾಸು, ಇವಳು ನನ್ನ ವಿದ್ಯಾರ್ಥಿನಿ ಎಂದು ಕೂಗಿ ಹೇಳಬೇಕೆನ್ನಿಸಿತು. ‘ಕೂತ್ಕೊಳಮ್ಮ’ ಎಂದಷ್ಟೇ ಹೇಳಿದ.

ಐದಕ್ಕೆ ಕಾಲು ಗಂಟೆ ಇರುವಾಗ ಅವನು ಸ್ಟಾಫ್ ರೂಮಿನಲ್ಲಿ ಹೊಸ ಹಾಳೆಯ ಮೇಲೆ ಶಾಯಿಯಲ್ಲೇ ಬರೆಯುತ್ತಿದ್ದ. ಪೆನ್ಸಿಲಿನ ಕೆಲಸವೇ ಇರಲಿಲ್ಲ. ಈ ಸಲ ಅಂಕಗಳು ಒಂದರ ಹಾಗೆ ಒಂದಿರಲಿಲ್ಲ: ಎರಡು, ಒಂಬತ್ತು, ಐದು, ಮೂರು, ಎಂಟು. ತೇಜಸ್‌ಗೆ ನಾಲ್ಕು, ಆದರೆ ಆ ನಾಲ್ಕು ಅವನದೇ. ಯಾಸ್ಮಿನ್‌ಗೆ ಒಂಬತ್ತು. ಅವಳು ಬಂದು, ಬಲಗಡೆ ನಿಂತು, ಹಾಳೆಯನ್ನು ನೋಡಿದಳು.

‘ಆ ಒಂದು ಎಲ್ಲಿ ಹೋಯ್ತು ಸಾರ್?’

‘ಕೊಡೆ ಬಣ್ಣ ಕಪ್ಪು ಅಂತ ಬರ್ದಿದ್ದೀಯ. ನಾನು ಹಸಿರು ಅಂತ ಎರಡು ಸಲ ಓದಿದ್ದೆ.’

ಅವಳು ಯೋಚಿಸಿದಳು. ‘ಸರಿ ಸಾರ್,’ ಎಂದಳು. ಮುಖದಲ್ಲಿ ಇಷ್ಟಗಲ ನಗು. ಕೊಟ್ಟ ಒಂಬತ್ತಕ್ಕಿಂತ ಕಳೆದ ಒಂದು ಅವಳಿಗೆ ಹೆಚ್ಚು ಖುಷಿ ಕೊಟ್ಟಿತೆಂದು ಅವನಿಗೆ ಗೊತ್ತಾಯಿತು. ಅವನಿಗೂ ಹಾಗೆಯೇ ಆಗಿತ್ತು. ಅವಳು ಬ್ಯಾಗು ಹೆಗಲಿಗೇರಿಸಿ, ತಗಡಿನ ಸದ್ದು ಬರುತ್ತಿದ್ದ ಬೀದಿಯ ಕಡೆಗೆ ಹೊರಟಳು.

ಕೊನೆಯ ಹೆಸರಿಗೆ ಅಂಕ ಹಾಕಿ ರುಜು ಮಾಡುವಾಗ ಎಡಗಡೆ ಗೋಡೆಯ ಮೇಲೆ ನೆರಳೊಂದು ಅಲುಗಿದಂತಾಯಿತು. ತಿರುಗಿದರೆ ವೀರಭದ್ರಸ್ವಾಮಿಯವರು, ಗೋಡೆಗೂ ಅವನ ಕುರ್ಚಿಗೂ ನಡುವಿನ ಸಂದಿನಲ್ಲಿ ನುಸುಳಿ ನಿಂತು, ಹಾಳೆಗೆ ಕೈ ಚಾಚಿ, ಏನೋ ಹೇಳುತ್ತಿದ್ದರು. ಎಷ್ಟು ಹೊತ್ತಿನಿಂದ ಹೇಳುತ್ತಿದ್ದರೋ. ಚೆಲುವರಾಜುವಿನ ನಾಲಗೆಯ ತುದಿಗೆ ‘ಆಗಲಿ ಸಾರ್’ ತಾನಾಗಿಯೇ ಬಂದು ಕೂತಿತು. ಅವನು ಅದನ್ನು ನುಂಗಿದ. ಎದ್ದು ನಿಂತು, ಪಟ್ಟಿಯನ್ನು ಅವರ ಕೈಗಿಟ್ಟು, ತನ್ನ ಹೆಸರು ಮತ್ತು ಎಂ.ಎ. ಡಿಗ್ರಿ ಹೇಳುವಾಗಿನ ದನಿಯಲ್ಲೇ ಹೇಳಿದ:

‘ಈ ಕಡೆ ಬನ್ನಿ ಸಾರ್. ಆ ಕಿವಿ ಕೇಳಲ್ಲ.’